ಒಳಗೊಳವೆಯ ಮೇಲಿನ ಗೀಟು

ವಾರಾಣಸಿ
16 ನವೆಂಬರ್ 2025, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಕಾಶಿಯಿಂದ ನಿನ್ನ ತಮ್ಮ ತೋಂಟೇಶನ ಶರಣು. ಮೊದಲು ಕಣ್ಣಿನ ಸುದ್ದಿ ಹೇಳು. ಪೊರೆ ತೆಗೆಸಿಕೊಂಡು ತಿಂಗಳಾಗುತ್ತ ಬಂತು. ಹನಿ ಇನ್ನೂ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ‘ಸಾಕು ಮಾಡ್ರಿ’ ಅಂತ ಸೀಸೆಯನ್ನು ದೇವರ ಜಗಲಿಯ ಮೇಲಿಟ್ಟು ಅದಕ್ಕೂ ಎರಡು ಊದಿನಕಡ್ಡಿ ಬೆಳಗುತ್ತಿದ್ದೀಯೋ? ಬಗ್ಗಿ ಕಸ ಹೊಡೆಯಬಾರದು, ಕಣ್ಣಿಗೆ ಸೋಪಿನ ನೀರು ತಾಗಬಾರದು, ಒಲೆಯ ಮುಂದೆ ನಿಂತು ಒಗ್ಗರಣೆಗೆ ಮುಖ ಕೊಡಬಾರದು ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಅಕ್ಷರಾ ನನಗೆ ಫೋನಿನಲ್ಲಿ ಪಾಠದ ಹಾಗೆ ಒಪ್ಪಿಸಿದ್ದಾಳೆ. ನಿನ್ನ ಮಗಳು ಬ್ಯಾಂಕಿನಲ್ಲಿ ಊರ ಮಂದಿಯನ್ನು ಗದರಿಸಿ ಅಭ್ಯಾಸವಾದವಳು, ಮನೆಯಲ್ಲಿ ನಿನ್ನೊಬ್ಬಳನ್ನು ಬಿಡುತ್ತಾಳೆಯೇ. ಅವಳು ಹೇಳಿದ ಹಾಗೆ ಕೇಳು.

ಇಲ್ಲಿ ನಾನೂ ಕಮಲಾದೇವಿಯೂ ಆರಾಮ ಇದ್ದೇವೆ. ಕಾರ್ತಿಕದ ಗದ್ದಲ ಈಗಷ್ಟೇ ಇಳಿದಿದೆ. ಮಠದ ಯಾತ್ರಿ ನಿವಾಸದಲ್ಲಿ ಬಂದವರಿಗೆ ಕೀಲಿ, ಹೋದವರ ಕೋಣೆ ಖಾಲಿ. ಇಪ್ಪತ್ತೊಂದು ವರ್ಷದ ನನ್ನ ಚಾಕರಿಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ. ಚಳಿ ಇನ್ನೂ ಎಳೆಯದು, ಮಂಗಗಳದ್ದೇ ಹಾವಳಿ. ಮೊನ್ನೆ ಒಂದು ಮಂಗ ಕಮಲಾಳ ಒಣಹಾಕಿದ ಸಂಡಿಗೆ ತಿಂದು, ಉಪ್ಪು ಹೆಚ್ಚಾಗಿದೆ ಎಂಬಂತೆ ಅವಳನ್ನು ತಿರುಗಿ ನೋಡಿ ಹೋಯಿತು.

ಫೋನು ಇರುವಾಗ ಇವನು ಪತ್ರ ಯಾಕೆ ಬರೆದ ಅಂತ ನೀನು ಇಷ್ಟು ಹೊತ್ತಿಗೆ ಅಂದುಕೊಂಡಿರುತ್ತೀ. ಫೋನಿನಲ್ಲಿ ನನಗೆ ನಿಜ ಬರುವುದಿಲ್ಲ, ಅಕ್ಕಾ. ನೀನು ‘ಹೂಂ’ ಅನ್ನುತ್ತಲೇ ನನ್ನ ಬಾಯಿಗೆ ಯಾವುದೋ ಪ್ರಾಸ ಬರುತ್ತದೆ, ನೀನು ನಗುತ್ತೀ, ನಾನು ಇಡುತ್ತೇನೆ. ‘ಪ್ರಾಸ ಸಿಕ್ಕರ ಸಾಕು ನಿನಗ, ಖರೇ ಸಿಗದಿದ್ದರೂ ನಡೀತೈತಿ’ ಅಂತ ಸಣ್ಣವನಿದ್ದಾಗಲೇ ನೀನು ನನಗೆ ಅಂದಿದ್ದೆ. ಸಣ್ಣ ಅಕ್ಷರ ಓದಲು ಇನ್ನೂ ಕಣ್ಣು ಒಗ್ಗದಿದ್ದರೆ ಅಕ್ಷರಾಳ ಕೈಗೆ ಕೊಡು. ಅಕ್ಷರಾ, ಮಧ್ಯೆ ನಿಲ್ಲಿಸದೆ ಓದು, ಮಾಮಾನನ್ನು ಬೈಯುವುದಿದ್ದರೆ ಕೊನೆಗೆ ಒಟ್ಟಿಗೆ ಬೈ. ಈ ಪತ್ರದ ಜೊತೆ ನಮ್ಮ ಮಠದ ಶಿವಮೂರ್ತಯ್ಯನವರು ಒಂದು ಉದ್ದನೆಯ ಗಂಟನ್ನೂ ತಂದುಕೊಡುತ್ತಾರೆ. ಅದನ್ನು ಬಿಚ್ಚುವ ಮೊದಲು ಇದು ತಿಳಿದಿರಲಿ: ಅದರಲ್ಲಿರುವುದು ಭಾವನವರ ದುರ್ಬೀನು. ಅದು ಗಂಗೆಯಲ್ಲಿಲ್ಲ. ಯಾವತ್ತೂ ಇರಲಿಲ್ಲ.

ಭಾವನವರು ತೀರಿಕೊಂಡ ಮೇಲೆ, ಹೋದ ವರ್ಷ ಫೆಬ್ರವರಿಯಲ್ಲಿ ನೀನು ಬಂದಾಗಿನದು ನನಗೆ ಗಳಿಗೆ ಗಳಿಗೆಯೂ ನೆನಪಿದೆ. ನಮ್ಮಲ್ಲಿ ಮಣ್ಣು ಕೊಡುತ್ತಾರೆ. ಬೂದಿ ಇಲ್ಲ, ಗಡಿಗೆ ಇಲ್ಲ. ನೀನು ಯಾತ್ರಿ ನಿವಾಸದ ಪಡಸಾಲೆಯಲ್ಲಿ ನಿಂತು, ಮಂಡ್ಯದವರು ತುಮಕೂರಿನವರು ಕೆಂಪು ಬಟ್ಟೆ ಕಟ್ಟಿದ ಗಡಿಗೆ ಎದೆಗೊತ್ತಿಕೊಂಡು ಘಾಟಿಗೆ ಇಳಿಯುವುದನ್ನು ನೋಡಿದೆ. ‘ಅವರ ಕೈಯಾಗ ಏನರ ಐತಿ, ನನ್ನ ಕೈಯಾಗ ಏನೈತೋ ತೋಂಟ್ಯಾ’ ಅಂದೆ. ಆಮೇಲೆ ಕೋಣೆಗೆ ಹೋಗಿ ಹಳೆಯ ಇಳಕಲ್ಲ ಸೀರೆಯಲ್ಲಿ ಸುತ್ತಿದ ಆ ಹಿತ್ತಾಳೆಯ ಕೊಳವೆಯನ್ನು ತಂದು ನನ್ನ ಮೇಜಿನ ಮೇಲಿಟ್ಟೆ. ಕಾಶಿಯಲ್ಲಿ ಪ್ರೀತಿಯದನ್ನು ಒಂದು ಬಿಡಬೇಕಂತೆ. ಬಂದವರೆಲ್ಲ ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಂಡು ಹೋಗುವುದನ್ನು ನಾನು ದಿನಾ ನೋಡುತ್ತೇನೆ. ನೀನು ಮಾತ್ರ, ‘ಬದನಿಕಾಯಿ ಬಿಡಾಕ ನನ್ನಿಂದ ಆಗೂದಿಲ್ಲ, ಇದನ್ನ ಬಿಡ್ತೇನಿ’ ಅಂದೆ. ನಾನು ನಕ್ಕೆ, ನಗು ನಡುವೆಯೇ ನಿಂತಿತು.

ಕೇದಾರ ಘಾಟಿನ ಕೆಳಗಿನ ಮೆಟ್ಟಿಲು ಇಳಿಯಲು ನಿನ್ನ ಮೊಣಕಾಲು ಕೇಳಲಿಲ್ಲ. ‘ನೀ ಹೋಗಿ ನಡುನೀರಾಗ ಬಿಟ್ಟು ಬಾ, ನಾ ನೋಡೂದಿಲ್ಲ’ ಎಂದು ಅಲ್ಲೇ ಕುಳಿತು ಮುಖಕ್ಕೆ ಸೆರಗು ಹಿಡಿದೆ. ನಾನು ದೋಣಿ ಹತ್ತಿದೆ. ಬಿಡಬೇಕೆಂದೇ ಹೋದೆ, ಅಕ್ಕಾ, ಆಣೆ ಮಾಡಿ ಹೇಳುತ್ತೇನೆ. ನಡುನೀರಿನಲ್ಲಿ ಸೀರೆ ಬಿಚ್ಚಿದೆ; ಒಂದು ಸಲ ನೋಡಿ ಬಿಡೋಣ ಅನ್ನಿಸಿತು. ದೋಣಿಯ ಅಂಚಿಗೆ ಒರಗಿಸಿ ಘಾಟಿನ ಕಡೆಗೆ ತಿರುಗಿಸಿದೆ. ಗಾಜಿಗೆ ಬೂಷ್ಟು ಹಿಡಿದು ಎಲ್ಲ ಮಸುಕು. ಆ ಮಸುಕಿನಲ್ಲಿ ನೀನು ಕಂಡೆ. ಭಾವನವರ ದುರ್ಬೀನಿನಲ್ಲಿ ಲೋಕವೆಲ್ಲ ತಲೆಕೆಳಗು ಅಂತ ನಿನಗೆ ಗೊತ್ತೇ ಇದೆ. ಮೆಟ್ಟಿಲುಗಳು ಆಕಾಶದಿಂದ ಇಳಿಬಿದ್ದಿದ್ದವು, ನೀನು ಅವಕ್ಕೆ ಅಂಟಿಕೊಂಡು, ಸೆರಗಿನಲ್ಲಿ ಮುಖ ಮುಚ್ಚಿ, ತಲೆಕೆಳಗಾಗಿ ಅಳುತ್ತಿದ್ದೆ. ದೋಣಿಯವನು ಹುಟ್ಟು ನಿಲ್ಲಿಸಿ, ‘ಡುಬಾವೇ ಕೇ ಬಾ ಕಿ ದೇಖೇ ಕೇ ಬಾ, ಗುರು?’ ಅಂದ. ಮುಳುಗಿಸೋದಕ್ಕೋ, ನೋಡೋದಕ್ಕೋ ಅಂತ. ಸಂಜೆವರೆಗೆ ಇರಲೆಂದು ದುರ್ಬೀನನ್ನು ಅವನ ದೋಣಿಯ ಹಲಗೆಯ ಕೆಳಗೇ ಇಟ್ಟು, ಖಾಲಿ ಸೀರೆ ನೀರಿಗದ್ದಿ ಹಿಂಡಿಕೊಂಡು ನಿನ್ನ ಹತ್ತಿರ ಬಂದೆ. ‘ಗಂಗೆಗೆ ಬಿಟ್ಟೆ, ಭಾರ ಇಳಿಸಿಬಿಟ್ಟೆ’ ಅಂದೆ. ‘ಅದರಾಗೂ ಪ್ರಾಸ ಏನೋ’ ಎಂದು ನನ್ನ ಬೆನ್ನಿಗೊಂದು ಗುದ್ದಿದೆ. ಅವತ್ತು ರಾತ್ರಿ ನೀನು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ. ಅದನ್ನು ನೋಡಿದ ಮೇಲೆ ನಿಜ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಮೊದಲು ಬೂಷ್ಟು ತೆಗೆಸಿ ಆಮೇಲೆ ಹೇಳೋಣ ಅಂದುಕೊಂಡೆ. ಗೋದೌಲಿಯಾದ ಗಲ್ಲಿಯಲ್ಲಿ ಒಬ್ಬ ಎಪ್ಪತ್ತು ದಾಟಿದ ಚಶ್ಮಾದವನಿದ್ದಾನೆ, ಅಂಗಡಿ ಅಂದರೆ ಒಂದು ಮೆಟ್ಟಿಲು ಮತ್ತು ಅವನು. ಮುಂದಿನ ಗಾಜನ್ನು ಹಿಡಿದ ಹಿತ್ತಾಳೆ ಬಳೆ ನೂರು ವರ್ಷದಿಂದ ಜಗ್ಗದೆ ಕೂತಿತ್ತು. ಒಂಬತ್ತು ದಿನ ಎಣ್ಣೆ ಬಿಟ್ಟ ಮೇಲೆ ಸಡಿಲಾಯಿತು. ಒಂದು ಗಾಜು ಅಂತ ನಾನು ತಿಳಿದದ್ದು ಎರಡು ಗಾಜು. ಒಂದರ ಹೊಟ್ಟೆ ಉಬ್ಬು, ಇನ್ನೊಂದರದ್ದು ತಗ್ಗು. ನಾನು ಉತ್ಸಾಹದಲ್ಲಿ ಬೇರೆ ಮಾಡಲು ಹೋದರೆ ಮುದುಕ ಕೈ ಮೇಲೆ ಹೊಡೆದ. ‘ಪಹಲೇ ನಿಶಾನ್ ಲಗಾಓ, ಗುರು’ ಅಂದ. ಮೊದಲು ಗುರುತು ಹಾಕು, ಯಾವುದರ ಎದುರಿಗೆ ಯಾವುದು ಇತ್ತೋ ಹಾಗೇ ಕೂರಿಸದಿದ್ದರೆ ನಕ್ಷತ್ರಕ್ಕೆ ಬಾಲ ಬರುತ್ತದೆ ಅಂತ. ನಾನು ಎರಡರ ಅಂಚಿಗೂ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದೆ. ಎಷ್ಟು ಜೋಪಾನ ಮಾಡಿದೆ ಅಂತೀ! ಹತ್ತಿ ಮುಟ್ಟಿಸುವಾಗಲೂ ಉಸಿರು ಬಿಗಿಹಿಡಿದಿದ್ದೆ. ಹರಿದ ಚರ್ಮದ ಹೊದಿಕೆಯ ಬದಲು ಕರಿ ರೆಕ್ಸಿನ್ ಆಯಿತು. ನಿಲ್ಲಿಸಲು ಸಾರನಾಥದ ಕಡೆಯ ಬಡಗಿಯೊಬ್ಬ ಹೊಸ ಮೂರು ಕಾಲಿನ ನಿಲುವು ಮಾಡಿಕೊಟ್ಟ, ಅವನ ‘ನಾಳೆ’ ಎಂಬುದು ಐದು ತಿಂಗಳು. ನಾನೂ ಅವಸರ ಮಾಡಲಿಲ್ಲ. ಕೆಲಸ ಮುಗಿಯುವವರೆಗೆ ಅದು ಸುಳ್ಳಲ್ಲ, ಅಕ್ಕನಿಗೆ ಅಚ್ಚರಿಯ ಉಡುಗೊರೆ; ಮುಗಿದ ದಿನ ಸುಳ್ಳು. ಹಾಗಾಗಿ ಮುಗಿಸಲಿಲ್ಲ.

ಉಳಿದದ್ದು ಹಿತ್ತಾಳೆ. ಅದನ್ನು ಯಾರಿಗೂ ಕೊಡದೆ ನಾನೇ ಕೂತೆ. ಮಠದಲ್ಲಿ ಹಿತ್ತಾಳೆ ಅಂದರೆ ಮುಖ ಕಾಣಬೇಕು. ಹುಣಸೆಹಣ್ಣು, ಬೂದಿ, ಆಮೇಲೆ ಸಣ್ಣ ಮರಳಿನ ಎಮರಿ ಕಾಗದ. ಕಣ್ಣಿಡುವ ಕಡೆಯ ಒಳಗೊಳವೆ, ತಿರುಪು ತಿರುಗಿಸಿದರೆ ಒಳಗೆ ಹೊರಗೆ ಹೋಗುತ್ತದಲ್ಲ, ಅದು ಕಿಲುಬು ಹಿಡಿದು ಅಂಟಿಕೊಂಡಿತ್ತು. ಹೊರಗೆಳೆದಾಗ ಅದರ ಮೇಲೆ ಎರಡು ಅಡ್ಡ ಗೀಟು ಕಂಡವು, ಒಂದಕ್ಕೊಂದು ಅಕ್ಕಿಕಾಳಿನ ಅಗಲದಷ್ಟು ದೂರ. ಬೇಳೆ ಆರಿಸುತ್ತ ಕೂತಿದ್ದ ಕಮಲಾ ಕಣ್ಣು ಕಿರಿದು ಮಾಡಿ, ‘ಎರಡೂ ಒಂದ ಸಮ ಅದಾವಲ್ರೀ, ಯಾರೋ ಬೇಕಂತ ಹಾಕಿದ್ದಿರಬೇಕು’ ಅಂದಳು. ‘ಗೀಟು ಹೋದರೆ ನೀಟು’ ಅಂದೆ ನಾನು. ಉಜ್ಜಿದೆ. ಒಂದು ಮಧ್ಯಾಹ್ನ ಬೇಕಾಯಿತು, ಅಷ್ಟು ಆಳವಾಗಿದ್ದವು.

ಅದಾಗಿ ಹದಿನೈದು ದಿನಕ್ಕೆ ನಿನ್ನ ಫೋನು ಬಂತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ. ಎದುರುಮನೆಯ ತೆಂಗಿನ ಗರಿ ಗರಿ ಎಣಿಸಬಹುದು ಅಂದೆ, ಸಂತೋಷದಲ್ಲಿದ್ದೆ. ಹಾಗೇ ಮಾತಿನಲ್ಲಿ ಮಾತು ಬಂತು. ‘ಅದನ್ನ ನೀರಿಗೆ ಬಿಟ್ಟು ತಪ್ಪು ಮಾಡಿದ್ನೋ ಏನೋ’ ಅಂದೆ. ಮುಂಡರಗಿಯ ಸಾಲಿ ಮೈದಾನದ ಸುದ್ದಿ ತೆಗೆದೆ. ಭಾವನವರು ಹುಡುಗರಿಗೆ ‘ಚಂದ್ರ ಯಾರ ಮನೀ ಆಸ್ತಿ ಅಲ್ಲ, ಸಾಲಾಗಿ ನಿಂದರ್ರಿ’ ಅನ್ನುತ್ತಿದ್ದದ್ದು, ಎಲ್ಲರದ್ದೂ ಮುಗಿದ ಮೇಲೆ ನಿನ್ನನ್ನು ಕರೆಯುತ್ತಿದ್ದದ್ದು. ನಿನ್ನದು ದೂರದ್ದು ಕಾಣದ ಕಣ್ಣು, ಅವರಿಗೆ ಸ್ಪಷ್ಟವಾದದ್ದು ನಿನಗೆ ಮಂಜು. ನೀನು ತಿರುಪು ತಡಕಾಡುವಷ್ಟರಲ್ಲಿ ಗ್ರಹ ಜಾರಿಹೋಗುತ್ತಿತ್ತು, ನೀನು ‘ಕಂಡ್ತು ಕಂಡ್ತು’ ಎಂದು ಸುಳ್ಳು ಹೇಳಿ ಎದ್ದುಬಿಡುತ್ತಿದ್ದೆ. ಒಂದು ದಿನ ಅವರು ನಿನ್ನ ಸುಳ್ಳು ಹಿಡಿದು, ನಿನ್ನನ್ನು ಕೂರಿಸಿಕೊಂಡು, ನಿಜವಾಗಿ ಕಂಡಾಗ ಹೇಳು ಎಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರಂತೆ. ನೀನು ‘ಅಯ್ಯ!’ ಅಂದ ಕಡೆ ಚಾಕುವಿನಿಂದ ಗೀಟು ಎಳೆದರಂತೆ. ‘ಒಂದು ಅವರ್ದು, ಒಳಗಿಂದು ನಂದು. ಆ ಗೀಟಿನ ಮ್ಯಾಲ ಬೆರಳಾಡಿಸಬೇಕು ಅನಸ್ತೈತೋ’ ಅಂದೆ ನೀನು.

ಅಕ್ಕಾ, ಆಗ ಆ ಒಳಗೊಳವೆ ನನ್ನ ತೊಡೆಯ ಮೇಲೇ ಇತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನೇನಂದೆ ನೆನಪಿದೆಯಾ? ‘ಹೋದದ್ದು ಹೋಯಿತು, ಗಂಗೆಯ ಪಾಲಾಯಿತು.’ ನೀನು ನಗಲಿಲ್ಲ. ಫೋನಿಟ್ಟ ಮೇಲೆ ಕಮಲಾ ಬೇಳೆಯ ಮೊರ ತೆಗೆದುಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ಎಷ್ಟೋ ಸುಲಭವಿತ್ತು.

ಹುಣ್ಣಿಮೆ ಕಳೆದು ವಾರಕ್ಕೆ, ಸಂಜೆ ಏಳಕ್ಕೆ, ಮಠದ ಮಾಳಿಗೆಯ ಮೇಲೆ ಅದನ್ನು ನಿಲ್ಲಿಸಿದೆ. ಶನಿಯನ್ನು ಹಿಡಿದೆ. ಉಂಗುರವೇ ಇಲ್ಲ! ಬರೀ ಒಂದು ಗುಂಡು. ಗಾಜು ತಿರುಗಾಮುರುಗಾ ಕೂರಿಸಿ ಅದನ್ನೂ ಕೆಡಿಸಿದೆ ಅಂದುಕೊಂಡೆ. ಆಮೇಲೆ ಕಮಲಾ ಮೊಬೈಲಿನಲ್ಲಿ ಹುಡುಕಿ ಹೇಳಿದಳು; ಹದಿನೈದು ವರ್ಷಕ್ಕೊಮ್ಮೆ ಆ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿ ನಿಲ್ಲುತ್ತದಂತೆ, ಇದ್ದರೂ ಕಾಣುವುದಿಲ್ಲ. ಭಾವನವರಿದ್ದಿದ್ದರೆ ಒಂದು ರೊಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಅರ್ಧ ನಿಮಿಷದಲ್ಲಿ ತಿಳಿಸುತ್ತಿದ್ದರು. ಕಮಲಾಳ ಸರದಿ ಬಂದಾಗ ಅವಳಿಗೂ ಮಂಜು. ತಿರುಪು ತಡಕಾಡಿದಳು, ಅಷ್ಟರಲ್ಲಿ ಶನಿ ಜಾರಿತು. ‘ಕಂಡ್ತು ಬಿಡ್ರಿ’ ಅಂದಳು. ನಾನು ಮಾಳಿಗೆಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ನನ್ನ ಪರವಾಗಿ ವಕೀಲಿಯನ್ನೂ ಮಾಡಿ ನೋಡಿದೆ. ಈಗ ನಿನ್ನ ಕಣ್ಣಿನೊಳಗೆ ಹೊಸ ಗಾಜಿದೆ, ಹಳೇ ಕಣ್ಣಿಗೆ ಎಳೆದ ಗೀಟು ಹೇಗೂ ಹೊಂದುತ್ತಿರಲಿಲ್ಲ, ಉಳಿದಿದ್ದರೂ ಉಪಯೋಗವಿರಲಿಲ್ಲ ಅಂತ. ಲೆಕ್ಕ ಸರಿಯಾಗಿದೆ, ಕೇಸು ಬಿದ್ದುಹೋಯಿತು. ಶನಿ ನೋಡುವುದಕ್ಕೆ ನೀನು ಆ ಗೀಟು ಕೇಳಿರಲಿಲ್ಲ. ಅದೇ ಜಾಗದಲ್ಲಿ ಮತ್ತೆರಡು ಗೀಟು ಎಳೆದು ಕಳಿಸಿಬಿಡೋಣ ಅಂತಲೂ ಒಂದು ದಿನ ಮೊಳೆ ಕೈಗೆ ತೆಗೆದುಕೊಂಡೆ. ಆಗಲಿಲ್ಲ, ಮೊಳೆಯನ್ನು ಡಬ್ಬಿಗೆ ಹಾಕಿದೆ. ಒಂದು ಸುಳ್ಳು ಇಪ್ಪತ್ತೊಂದು ತಿಂಗಳು ತಿಂದಿತು, ಎರಡನೆಯದು ಎಷ್ಟು ತಿನ್ನುತ್ತದೋ.

ಅದು ನಿನ್ನದು, ನಿನಗೆ ಬರುತ್ತಿದೆ. ಇಟ್ಟುಕೊಳ್ಳುತ್ತೀಯೋ, ಅಟ್ಟಕ್ಕೆ ಹಾಕುತ್ತೀಯೋ, ಇಲ್ಲಾ ಮತ್ತೆ ಕಾಶಿಗೆ ಬಂದು ಈ ಸಲ ನೀನೇ ಕೈಯಾರೆ ಬಿಡುತ್ತೀಯೋ, ನಾನು ಬಾಯಿ ಹಾಕುವುದಿಲ್ಲ. ನನ್ನ ಫೋನು ಎತ್ತದಿದ್ದರೂ ನಾನು ಕೇಳುವುದಿಲ್ಲ. ಕಮಲಾಳದ್ದನ್ನು ಎತ್ತು, ಅವಳ ತಪ್ಪಿಲ್ಲ. ಅಕ್ಷರಾಳಿಗೆ ಆಶೀರ್ವಾದ. ಹನಿ ಬಿಡಬೇಡ. ವಿಶ್ವನಾಥ ನಿನ್ನ ಕಣ್ಣು ಕಾಯಲಿ, ನನ್ನ ನಾಲಿಗೆಯನ್ನು ಸ್ವಲ್ಪ ಕಟ್ಟಲಿ.

ನಿನ್ನ ಪಾದಕ್ಕೆರಗುವ ತಮ್ಮ,
ತೋಂಟೇಶ

ತಾ.ಕ.: ಶಿವಮೂರ್ತಯ್ಯನವರು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾರೆ, ಹುಬ್ಬಳ್ಳಿ ಗಾಡಿಗೆ ಹೊತ್ತಾಯಿತು. ಅಕ್ಕಾ, ಮೊಳೆ ಡಬ್ಬಿಗೆ ಹಾಕಿದೆ ಅಂತ ಮೇಲೆ ಬರೆದದ್ದು ಸುಳ್ಳು. ಎಳೆದಿದ್ದೇನೆ. ಒಳಗೊಳವೆ ಹೊರಗೆ ಬಂದಾಗ ತಿರುಪಿನ ಪಕ್ಕದಲ್ಲಿ ಎರಡು ಗೀಟು ಕಾಣುತ್ತವೆ, ಹೊಸದೆನ್ನಿಸದಿರಲೆಂದು ಎಣ್ಣೆಮಸಿಯನ್ನೂ ತಿಕ್ಕಿದ್ದೇನೆ. ಬೆಳಿಗ್ಗೆ ಅಳಿಸಲು ಕೂತೆ. ಅದೇ ಎಮರಿ ಕಾಗದ ಕೈಗೆ ಬಂತು, ಉಜ್ಜಲಾಗಲಿಲ್ಲ. ಅವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಡ. ಅವು ನನ್ನವು.