ಕೀಲಿನ ಮೇಲಿನ ಬೆರಳು

ಮಹಾಲಿಂಗಪುರ
೧೪ ನವೆಂಬರ್ ೨೦೨೫

ಪ್ರೀತಿಯ ತಮ್ಮ ಗುರುಸಿದ್ದನಿಗೆ,

ಅಣ್ಣನ ಆಶೀರ್ವಾದ. ಮೂರು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಬೈದುಕೊಂಡಾದರೂ ಪೂರ್ತಿ ಓದು. ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ. ಅಕ್ಷರ ನನ್ನ ಮಗಳು ಅಕ್ಷತಾಳದು. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಯಾಕೆಂದು ಮುಂದೆ ತಿಳಿಯುತ್ತದೆ.

ಬೀಳಗಿಯಲ್ಲಿ ನಿನ್ನ ಗ್ಯಾರೇಜು ಚೆನ್ನಾಗಿ ನಡೆದಿದೆ ಎಂದು ಆ ಕಡೆಯಿಂದ ಬಂದವರೆಲ್ಲ ಹೇಳುತ್ತಾರೆ. ಕೇಳಿ ಹಿಗ್ಗುತ್ತೇನೆ, ಆಮೇಲೆ ಊಟ ಸೇರುವುದಿಲ್ಲ.

ಹೋದ ತಿಂಗಳು ಹುನ್ನೂರಿನ ಜಕ್ಕಪ್ಪನ ಮಗ ಮಾಳು ಹೊಸ ಎಟಿವಿ ತಂದ. ಬೈಕಿನ ಹ್ಯಾಂಡಲ್, ನಾಲ್ಕು ದಪ್ಪ ಗಾಲಿ. ಕುರಿ ಹಿಂಡಿನ ಹಿಂದೆ ಹೊಲ ಹಳ್ಳ ಎನ್ನದೆ ಓಡಿಸುತ್ತಾನಂತೆ. ಪೂಜೆಗೆ ಹಚ್ಚಿದ ಬೀರೇಶ್ವರನ ಭಂಡಾರದ ಅರಿಸಿನ ಇನ್ನೂ ಹ್ಯಾಂಡಲ್ ಮೇಲಿತ್ತು. ಗಾಡಿ ಎಡಕ್ಕೆ ಎಳೆಯುತ್ತದೆ, ಸ್ಟೇರಿಂಗ್ ಸಡಿಲ ಇರಬೇಕು ಎಂದ.

ಅಪ್ಪ ಕಲಿಸಿದ ಕ್ರಮ ನಿನಗೆ ಗೊತ್ತಲ್ಲ. ಮುಂದಿನ ಗಾಲಿಗಳನ್ನು ಜಾಕಿನ ಮೇಲೆತ್ತಿ ಒಬ್ಬ ಅಲುಗಿಸಬೇಕು, ಇನ್ನೊಬ್ಬ ಸ್ಟೇರಿಂಗಿನ ಕೀಲಿನ ಮೇಲೆ ಬೆರಳಿಡಬೇಕು. ಸಡಿಲವಿದ್ದರೆ ಬೆರಳಿಗೆ ತಿಳಿಯುತ್ತದೆ. ಮಾಳು ಅಲುಗಿಸಿದ, ನಾನು ಬೆರಳಿಟ್ಟೆ. ಕೀಲು ನಡುಗಿತು. ಹೊಸ ಗಾಡಿಗೆ ಇಂಥದ್ದು ಹಾಕುತ್ತಾರೆಯೇ ಎಂದು ಅವನನ್ನು ಶೋರೂಮಿಗೆ ಜಗಳಕ್ಕೆ ಕಳಿಸಿದೆ. ಅವರು ಸ್ಟೇರಿಂಗನ್ನಷ್ಟೇ ಎರಡು ಸಲ ನೋಡಿ, ಕೀಲು ಸರಿ ಇದೆ ಎಂದು ತಿರುಗಿ ಕಳಿಸಿದರು. ನಾನು ಅವರನ್ನು ಬೈಯುತ್ತಲೇ ಮತ್ತೆ ಜಾಕ್ ಹಾಕಿದೆ.

ಈ ಸಲ ಅಕ್ಷತಾ ಬಂದು ನನ್ನ ಬೆರಳು ಸರಿಸಿ ತನ್ನದಿಟ್ಟಳು. ಮಾಳು ಮತ್ತೆ ಗಾಲಿ ಅಲುಗಿಸಿದ.

"ಅಪ್ಪಾ, ಕೀಲು ಗಟ್ಟಿ ಐತಿ. ನಿನ್ನ ಕೈ ನಡಗಾಕತ್ತೈತಿ," ಎಂದಳು.

ಎಡಗಡೆಯ ಗಾಲಿಯಲ್ಲಿ ಗಾಳಿ ಕಡಿಮೆ ಇತ್ತು, ಅಷ್ಟೇ. ಮಾಳು ಗಾಳಿ ತುಂಬಿಸಿಕೊಂಡು, ನನ್ನ ಮುಖ ನೋಡದೆ ಹೋದ.

ಜಮಖಂಡಿಯ ಡಾಕ್ಟರು ಇದು ನರದ ರೋಗ, ವಾಸಿಯಾಗುವುದಿಲ್ಲ, ನಾಲ್ಕೈದು ವರ್ಷದಿಂದ ಒಳಗೇ ಇದ್ದಿರಬೇಕು ಎಂದರು. ಕೇಳುತ್ತಲೇ ಮೂರು ವರ್ಷದ ಹಿಂದೆ ನಮ್ಮ ಗ್ಯಾರೇಜಿಗೆ ಬಂದಿದ್ದ ಚನಮಲ್ಲಪ್ಪನ ಟ್ರ್ಯಾಕ್ಟರು ನೆನಪಾಯಿತು. ನೀನು ಬಿಗಿ ಮಾಡಿದ ಸ್ಟೇರಿಂಗಿನ ಮೇಲೆ ಬೆರಳಿಟ್ಟು, ಇನ್ನೂ ಸಡಿಲ ಇದೆ ಎಂದುಕೊಂಡು, ಹತ್ತು ಗಿರಾಕಿಗಳ ಮುಂದೆ, "ಪಾನಾ ಹಿಡಿಯೂ ಕೈ ಅಲ್ಲಲೇ ಇದು, ಮಂದಿ ಜೀವಾ ತಗೀತಿ," ಎಂದಿದ್ದೆ. ನೀನು ನಟ್ಟು ಬಿಗಿದ ಪಾನಾ ಒರೆಸಿ, ಅದರ ಜಾಗದಲ್ಲಿಟ್ಟು ಹೋದೆ. ಅವ್ವನನ್ನು ಮಣ್ಣು ಮಾಡಿದ ದಿನ ಬಂದೆ, ನಮ್ಮ ಮನೆಯ ನೀರನ್ನೂ ಕುಡಿಯದೆ ಹೋದೆ. ರೋಗ ಮಾಡಿಸಿದ ತಪ್ಪು ಅದು, ತಮ್ಮಾ. ಕ್ಷಮಿಸು.

ಕಾವೇರಿಗೂ ಮಕ್ಕಳಿಗೂ ಆಶೀರ್ವಾದ. ಅಪ್ಪನ ಪಾನಾ ಪೆಟ್ಟಿಗೆ ಇನ್ನು ನಿನ್ನದು, ಬಂದು ಒಯ್ಯಿ. ನಿನ್ನ ಕೈ ಕೊನೆಯ ತನಕ ಗಟ್ಟಿಯಾಗಿರಲಿ.

ನಿನ್ನ ಅಣ್ಣ
ನೀಲಕಂಠ

ತಾ.ಕ.: ಅಕ್ಷತಾ ಚಹಾ ಮಾಡಲು ಎದ್ದು ಹೋದಳು. ಇದನ್ನು ನಾನೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ತಪ್ಪನ್ನು ರೋಗದ ಮೇಲೆ ಹಾಕಿದ್ದು ಪೂರ್ತಿ ಖರೆ ಅಲ್ಲ. ನೀನು ಹೋದ ಸಂಜೆ ಆ ಟ್ರ್ಯಾಕ್ಟರಿನ ಸ್ಟೇರಿಂಗ್ ನಟ್ಟಿಗೆ ನಾನೇ ಪಾನಾ ಹಚ್ಚಿದ್ದೆ. ಕೂದಲೆಳೆಯಷ್ಟೂ ತಿರುಗಲಿಲ್ಲ. ನೀನು ಸರಿಯಾಗಿಯೇ ಬಿಗಿದಿದ್ದೆ ಎಂದು ಅಂದೇ ಗೊತ್ತಾಯಿತು. ಅಣ್ಣನಾಗಿ ನಿನ್ನ ಮುಂದೆ ಹೇಗೆ ತಲೆ ಬಗ್ಗಿಸಲಿ ಎಂದು ಸುಮ್ಮನಾದೆ. ಅವ್ವ ಹಾಸಿಗೆ ಹಿಡಿದ ಮೇಲೂ ಕೇಳುತ್ತಿದ್ದಳು, "ಗುರುಸಿದ್ದ ಖರೇನ ಸಡ್ಲ ಬಿಟ್ಟಿದ್ನೇನೋ?" ಬಿಟ್ಟಿದ್ದ ಎಂದೇ ಹೇಳಿದೆ. ಅದನ್ನೇ ನಂಬಿಕೊಂಡು ಅವಳು ಮಣ್ಣಿಗೆ ಹೋದಳು.