ಹಸಿರು ಪರದೆಗೆ ಮದುವೆ ಸೀರೆ

ಐಶು,

ಕೊಂಡ್ಲಹಳ್ಳಿಗೆ ಹೊಂಟೆ. ನಿಮ್ಮಜ್ಜಿಗೆ ಮತ್ತೆ ಜ್ವರ ಬಂದೈತಂತೆ. ಓಡಾಡಿ ಓಡಾಡಿ ಸಾಕಾಗೈತೆ ನನಗೆ. ಸಾರು ಬಿಸಿ ಮಾಡ್ಕೊಂಡು ಉಣ್ಣು.

ನಿನ್ನ ಸಿನಿಮಾಕ್ಕೆ ಹಸಿರು ಪರದೆ ಬೇಕು ಅಂತ ನನ್ನ ಮದುವೆ ಸೀರೆನ ಗೋಡೆಗೆ ಮೊಳೆ ಹೊಡೆದು ಕಟ್ಟಿದ್ದೀಯಲ್ಲ, ಸೆರಗು ನಾಲ್ಕು ಕಡೆ ತೂತಾಗೈತೆ. ಬಿಚ್ಚಿ ಮಡಿಸಿಟ್ಟೀನಿ, ಇನ್ನು ಮುಟ್ಟಬ್ಯಾಡ.

ರೇಷ್ಮೆ ಮಿಂಚುತ್ತೆ, ಮಿಂಚಿದ್ರೆ ಕಂಪ್ಯೂಟರ್‌ನಾಗೆ ಹಿಂದಿನ ಹಸಿರು ಪೂರ್ತಿ ಅಳಿಸಕ್ಕಾಗಲ್ಲ ಅಂತ ನಿನ್ನ ಯೂಟ್ಯೂಬ್ ಮೇಷ್ಟ್ರು ಮೂರನೇ ಪಾಠದಾಗೇ ಹೇಳ್ಯಾರೆ. ನೀನು ಮುಂದಕ್ಕೆ ಓಡಿಸಿ ಓಡಿಸಿ ನೋಡಿದೆ. ನಾನು ರೊಟ್ಟಿ ತಟ್ತಾ ಪೂರ್ತಿ ಕೇಳಿದೆ.

ಚಳ್ಳಕೆರೆಯಿಂದ ಆರು ಮೀಟರ್ ಹಸಿರು ಕಾಟನ್ ಬಟ್ಟೆ ತಂದೀನಿ, ಮಂಚದ ಮೇಲೈತೆ. ಇಸ್ತ್ರಿ ಮಾಡಿ ಕಟ್ಟು, ಸುಕ್ಕಿದ್ರೆ ನೆರಳು ಬೀಳುತ್ತಂತೆ. ಅದ್ರ ಮುಂದೆ ಮತ್ತೆ ಶೂಟ್ ಮಾಡಿ, ಸಂಜೆಯೊಳಗೆ ನಿನ್ನ ವಿಡಿಯೋ ಕೇಳಿರೋ ಸ್ಟುಡಿಯೋದವ್ರಿಗೆ ಕಳಿಸಿಬಿಡು.

ನಾಲ್ಕನೇ ಪಾಠ ಮಾತ್ರ ನಾನು ಬರೋವರೆಗೂ ನೋಡಬ್ಯಾಡ.

ಅವ್ವ