ಅರಿಶಿನ ಹಿಡಿಯದ ಹೊಸ್ತಿಲು

ಮಕ್ತಲ್
ಶನಿವಾರ, 19 ಏಪ್ರಿಲ್ 2025, ಮಧ್ಯಾಹ್ನ

ತ್ರಿವೇಣಿಯ ಅಪ್ಪನಿಗೆ,

ನಿಮ್ಮ ಬೆನ್ನುನೋವು ಹೇಗಿದೆ? ಪುಣೆಯ ಹೊಸ ಸೈಟಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆಯೇ? ಶೇಂಗಾ ಚಟ್ನಿಪುಡಿ ಮುಗಿದಿದ್ದರೆ ತಿಳಿಸಿ. ಫೋನಿನಲ್ಲಿ ಮಾತಾಡುವಾಗ ಅತ್ತೆ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ. ಕೂಸು ಮಲಗಿದೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ನೋಡಿ ಬಂದೆ.

ಬುಧವಾರ ಬಿಸಿಲಿನ ಹೊತ್ತಿಗೆ ತ್ರಿವೇಣಿ ತೆವಳುತ್ತ ತಲಬಾಗಿಲಿನವರೆಗೆ ಹೋದಳು. ನಾನು ಎತ್ತಿಕೊಳ್ಳಲು ಹೋದರೆ ಅತ್ತೆ ತಡೆದರು. ಮೊದಲ ಸಲ ಹೊಸ್ತಿಲು ದಾಟುವ ಕೂಸನ್ನು ಮುಟ್ಟಬಾರದು, ತಾನಾಗಿಯೇ ದಾಟಬೇಕು. ಆಚೆ ಬೆಲ್ಲದ ತಟ್ಟೆ ಇಟ್ಟು ಕರೆದರು. ಪಕ್ಕದ ಮನೆಯ ಗುರಮ್ಮ ಕಾಯಿ ಹಿಡಿದು ಬಂದಳು. ನೀವು ಹಾಕಿಸಿದ ಹೊಸ್ತಿಲು ಎತ್ತರ. ಕೂಸು ಬರಿಮೈಯಲ್ಲಿ ಅದರ ಮೇಲೆ ಎದೆ ಊರಿ, ಹಿಂದಕ್ಕೂ ಹೋಗದೆ ಮುಂದಕ್ಕೂ ಬರದೆ ನಗುತ್ತಿತ್ತು. ನಾವೂ ನಿಂತು ನಕ್ಕೆವು. ಸಂಜೆಗೆ ಎದೆ, ಗದ್ದ, ಎರಡೂ ಅಂಗೈ ಸುಟ್ಟಂತೆ ಕೆಂಪಾಗಿದ್ದವು.

ಅತ್ತೆ ದೃಷ್ಟಿ ತೆಗೆದರು. ನಾನು ಮರುದಿನ ಕೂಸನ್ನೂ ಅತ್ತೆಯನ್ನೂ ಕರೆದುಕೊಂಡು ನಾರಾಯಣಪೇಟೆಗೆ ಹೋದೆ. ಡಾಕ್ಟರು ಕೂಸನ್ನು ನೋಡಿ, ಆಮೇಲೆ ಅತ್ತೆಯ ಕೈ ಹಿಡಿದು ನೋಡಿದರು. ಅಂಗೈ ಸುಲಿದಿತ್ತು. ಹೊಸ್ತಿಲಿನ ಆ ಕರಿ ಕಟ್ಟಿಗೆಗೆ ಅರಿಶಿನ ಹಿಡಿಯುವುದಿಲ್ಲವೆಂದು ಆರು ತಿಂಗಳಿಂದ ದಿನಾ ಮತ್ತಷ್ಟು ಒತ್ತಿ ಉಜ್ಜುತ್ತಿದ್ದರಂತೆ, ಪೂಜೆಯಲ್ಲೇ ಏನೋ ತಪ್ಪಿದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಗದ್ವಾಲದಿಂದ ತಂದ, ರೈಲು ಹಳಿಯ ಕೆಳಗೆ ಹಾಸಿದ್ದ ಹಳೆಯ ಸ್ಲೀಪರಿನ ಕಟ್ಟಿಗೆ ಎಂದು ನಾನು ಹೇಳಿದೆ. ಗೆದ್ದಲು ಹಿಡಿಯದಿರಲೆಂದು ಅದಕ್ಕೆ ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿಸಿರುತ್ತಾರಂತೆ. ಬಿಸಿಲಿಗೆ ಅದು ಜಿನುಗುತ್ತದೆ, ತಾಗಿದ ಮೈ ಬಿಸಿಲಲ್ಲಿ ಇನ್ನಷ್ಟು ಸುಡುತ್ತದೆ. ವರ್ಷಗಟ್ಟಲೆ ಮುಟ್ಟುತ್ತಿದ್ದರೆ ಕ್ಯಾನ್ಸರಿನ ಭಯವೂ ಇದೆಯಂತೆ. ಮನೆಯೊಳಗೆ ಇರಬಾರದ ಕಟ್ಟಿಗೆ ಎಂದರು ಡಾಕ್ಟರು. ಹೊಸ್ತಿಲು ಮಾಡುವಾಗ ಕೆತ್ತಿದ ಚಕ್ಕೆಗಳೆಲ್ಲಿ ಎಂದು ಕೇಳಿದರು.

"ಬಚ್ಚಲ ಒಲಿಗೆ ಹಾಕೀನ್ರಿ. ಭಾಳ ಚಲೋ ಉರೀತಾವ," ಎಂದರು ಅತ್ತೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಹೊಗೆಯೂ ವಿಷವಂತೆ.

ಕೂಸಿನ ಉರಿ ಇಳಿಯುತ್ತಿದೆ, ಹೆದರಬೇಡಿ. ಆದರೆ ಹೊಸ್ತಿಲು ತೆಗೆಸೋಣ ಎಂದರೆ ಅತ್ತೆ ಒಪ್ಪುವುದಿಲ್ಲ. "ಯಜಮಾನ ಊರಾಗ ಇಲ್ಲದಾಗ ಹೊಸ್ತಿಲ ಕೀಳಾಕ ಬರಂಗಿಲ್ಲವ್ವಾ. ದಸರಾಕ ಅವ ಬರ್ತಾನಲ್ಲ," ಎನ್ನುತ್ತಾರೆ. ಅದನ್ನು ಕೂರಿಸಿದ ಬಡಿಗೇರ ಭೀಮಯ್ಯನೂ ನಿಮ್ಮ ಮಾತಿಲ್ಲದೆ ಕೈ ಹಚ್ಚುವುದಿಲ್ಲವಂತೆ. ಈಗ ಹೊಸ್ತಿಲ ಮೇಲೆ ಗೋಣಿಚೀಲ ಹಾಸಿ ಅತ್ತೆ ಕಾವಲು ಕೂತಿದ್ದಾರೆ. ಕೂಸು ಎಚ್ಚರವಾದರೆ ಅತ್ತಲೇ ತೆವಳುತ್ತದೆ. ಬಾಗಿಲು ಹಾಕಿದರೆ ಅಳುತ್ತದೆ. ನಾನು ದಿನವಿಡೀ ಒಳಗೂ ಹೊರಗೂ ಓಡಾಡುತ್ತಿದ್ದೇನೆ. ಹಳೆಯ ಹೊಸ್ತಿಲನ್ನು ಎರಡು ಸಲ ಗೆದ್ದಲು ತಿಂದಿತ್ತು, ಅದಕ್ಕೇ ನೀವು ಇದನ್ನು ಹುಡುಕಿ ತಂದಿರಿ. ನಿಮ್ಮ ತಪ್ಪು ಎನ್ನುತ್ತಿಲ್ಲ.

ಕೇಳದಿದ್ದರೂ ಅತ್ತೆಯ ಆಶೀರ್ವಾದ ನಿಮಗೆ ಇದ್ದೇ ಇದೆ. ಮೈ ನೋಡಿಕೊಳ್ಳಿ.

ನಿಮ್ಮ
ರಜಿತಾ

ತಾ.ಕ.: ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಬುಧವಾರ ಸಿಗಬಹುದು. ಗುರುವಾರ ಬೆಳಿಗ್ಗೆ ಹೊಸ್ತಿಲು ಕೀಳುವುದು ಎಂದು ನಿಶ್ಚಯಿಸಿದ್ದೇನೆ. ಅತ್ತೆಗೆ ಮೊದಲೇ ಹೇಳುತ್ತೇನೆ, ಕದ್ದು ಮಾಡುವುದಿಲ್ಲ. ಅಷ್ಟರೊಳಗೆ ನೀವು ಫೋನ್ ಮಾಡಿ ಒಂದು ಮಾತು ಹೇಳಿದರೆ ಭೀಮಯ್ಯ ಬರುತ್ತಾನೆ. ಹೇಳದಿದ್ದರೆ ಗುರಮ್ಮನ ಮನೆಯ ಹಾರೆ ಇದೆ, ನಾನಿದ್ದೇನೆ.